ಟೋಕನ್ನಮ್ಮ ಊರು ನೋಡಿದ್ದು

ರಾಜಧಾನಿಯ ದೊಡ್ಡ ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಸಾಮಾನು ಇಟ್ಟುಹೋಗುವ ಕೋಣೆಯೊಂದಿದೆ. ಅದರ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು; ಆದರೆ ಹಮಾಲರಿಂದ ಸ್ಟೇಷನ್ ಮಾಸ್ತರರವರೆಗೆ ಎಲ್ಲರ ಬಾಯಲ್ಲೂ ಆಕೆ ಟೋಕನ್ನಮ್ಮ. ಪೆಟ್ಟಿಗೆ ತೆಗೆದುಕೊಂಡು ಹಿತ್ತಾಳೆಯ ಟೋಕನ್ ಕೊಡುವುದು, ಟೋಕನ್ ತೆಗೆದುಕೊಂಡು ಪೆಟ್ಟಿಗೆ ಕೊಡುವುದು, ಕೆಲಸ ಇಷ್ಟೇ. ಆದರೆ ಯಾರೂ ಕೇಳದಿದ್ದರೂ ಟೋಕನ್ನಿನ ಜೊತೆಗೆ ಆಕೆ ದಾರಿಯನ್ನೂ ಹೇಳಿಕೊಡುತ್ತಿದ್ದಳು. ಎರಡು ತಾಸು ಇದ್ದರೆ ಏನು ನೋಡಬೇಕು, ಅರ್ಧ ದಿನ ಇದ್ದರೆ ಎಲ್ಲಿಗೆ ಹೋಗಬೇಕು, ಯಾವ ಟ್ರಾಮು, ಎಡಕ್ಕೋ ಬಲಕ್ಕೋ, ಎಲ್ಲ ನಾಲಿಗೆಯ ತುದಿಯಲ್ಲೇ.

ಒಂದು ಗುಟ್ಟು ಮಾತ್ರ ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಆ ಜಾಗಗಳಲ್ಲಿ ಒಂದನ್ನೂ ಆಕೆ ಕಣ್ಣಾರೆ ಕಂಡಿರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ಗಂಡ "ಒಂದಿನ ಎಲ್ಲಾ ತೋರಿಸ್ತೀನಿ" ಅಂದಿದ್ದ. ಅವನದು ಬೀಗ ರಿಪೇರಿಯ ಅಂಗಡಿ. ಜನ ಬೀಗದ ಕೈ ಕಳೆದುಕೊಳ್ಳುವುದಕ್ಕೆ ರಜೆಯ ದಿನವನ್ನೇ ಆರಿಸಿಕೊಳ್ಳುತ್ತಾರೆ. ಆಮೇಲೆ ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಈ ನೌಕರಿ. ಊರಿನ ಬಗ್ಗೆ ಆಕೆಗೆ ಗೊತ್ತಿದ್ದದ್ದೆಲ್ಲ ಸಾಮಾನು ಬಿಡಿಸಿಕೊಳ್ಳಲು ಬಂದವರು ಹೇಳಿಹೋದದ್ದು. ಅವರು ಹೇಳಿದ್ದನ್ನು ಸಾಮಾನು ಇಡಲು ಬಂದವರಿಗೆ ದಾಟಿಸುತ್ತಾ ಬಂದಿದ್ದಳು.

ಒಂದು ಬೆಳಿಗ್ಗೆ ತನಗಿಂತ ದಪ್ಪ ಚೀಲ ಹೊತ್ತ ಹುಡುಗಿಯೊಬ್ಬಳು ಕಿಟಕಿಯ ಮುಂದೆ ನಿಂತು ಕೈಮುಗಿದಳು.

"ಮಾನ್ಯರೇ, ಈ ಚೀಲವನ್ನು ಸಂಜೆಯವರೆಗೆ ತಮ್ಮ ವಶದಲ್ಲಿ ಇರಿಸಿಕೊಳ್ಳುವ ಕೃಪೆ ಮಾಡುವಿರಾ?"

ತನ್ನ ಬೆನ್ನ ಹಿಂದೆ ಯಾವನೋ ಅಧಿಕಾರಿ ನಿಂತಿರಬೇಕೆಂದು ಟೋಕನ್ನಮ್ಮ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ನಗು ತಡೆಯಲಾಗಲಿಲ್ಲ. "ಎಲ್ಲಿಯವಳಮ್ಮ ನೀನು?"

"ನಾನು ಪರದೇಶದವಳು. ಇಲ್ಲಿಂದ ಆರು ತಾಸು ದೂರದ ಪಟ್ಟಣದಲ್ಲಿ ದಂತವೈದ್ಯದ ವ್ಯಾಸಂಗ ಮಾಡುತ್ತಿದ್ದೇನೆ. ಎರಡು ದಿನಗಳ ಬಿಡುವು ದೊರೆತಿದೆ. ರಾಜಧಾನಿಯನ್ನು ಒಬ್ಬಳೇ ವೀಕ್ಷಿಸಲು ಬಂದಿದ್ದೇನೆ."

ಭಾಷೆಯನ್ನೆಲ್ಲ ಪುಸ್ತಕದಿಂದ ಕಲಿತವಳು, ಪಾಪ. ಟೋಕನ್ನಮ್ಮನಿಗೆ ಪ್ರೀತಿ ಉಕ್ಕಿತು. ತನ್ನಲ್ಲಿದ್ದ ಅತ್ಯುತ್ತಮ ಜಾಗವನ್ನೇ ಕೊಟ್ಟಳು. "ನಾಲ್ಕನೇ ನಂಬರ್ ಟ್ರಾಮ್ ಹತ್ತು. ಮೂರನೇ ಸ್ಟಾಪಲ್ಲಿ ಇಳಿ. ಕೊಡೆ ಅಂಗಡಿ ಎದುರಿನ ಓಣಿ ತುದೀಲಿ ಗಾಜಿನ ಮನೆ ಇದೆ. ಒಳಗಿನ ಕೊಳದಲ್ಲಿ ಒಂದು ಗಿಡ, ಅದರ ಎಲೆ ಎಷ್ಟು ದೊಡ್ಡದು ಅಂದ್ರೆ, ಮೇಲೆ ಮಗು ಕೂರಿಸಿದ್ರೂ ಮುಳುಗಲ್ಲ!" ತಾನೇ ಮಗುವನ್ನು ಕೂರಿಸಿ ಬಂದವಳ ಹಾಗೆ ಎರಡೂ ಕೈ ಅಗಲಿಸಿ ತೋರಿಸಿದಳು.

ಸಂಜೆ ಐದಕ್ಕೆ ಹುಡುಗಿ ಚೀಲಕ್ಕಾಗಿ ಬಂದಾಗ ಮುಖ ಸಣ್ಣದಾಗಿತ್ತು.

"ಹೇಗಿತ್ತು ಎಲೆ?"

"ಅಮ್ಮ, ತಾವು ಸೂಚಿಸಿದ ಸ್ಥಳದಲ್ಲಿ ಕಾರುಗಳನ್ನು ನಿಲ್ಲಿಸುತ್ತಾರೆ."

"ಏನಂದೆ?"

"ಗಾಜಿನ ಮನೆಯನ್ನು ನಾಲ್ಕು ವರ್ಷಗಳ ಹಿಂದೆಯೇ ನದಿಯ ಆಚೆಗೆ ಸಾಗಿಸಿದ್ದಾರಂತೆ. ಕಾರು ನಿಲ್ಲಿಸುವ ಸ್ಥಳದ ಕಾವಲುಗಾರ ಹೇಳಿದ. ವಾರಕ್ಕೆ ಇಬ್ಬರು ಮೂವರು ಬಂದು ಎಲೆ ಎಲ್ಲಿ ಎಂದು ಕೇಳುತ್ತಾರಂತೆ. ಯಾವ ಪುಣ್ಯಾತ್ಮರು ಕಳಿಸುತ್ತಾರೋ ಎಂದು ಆತ ಆಶ್ಚರ್ಯಪಟ್ಟ."

ಟೋಕನ್ನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು ವರ್ಷ! ಎಷ್ಟು ಜನರನ್ನು ಕಾರುಗಳ ನಡುವೆ ನಿಲ್ಲಿಸಿದ್ದೆನೋ. "ಒಬ್ರಾದ್ರೂ ಬಂದು ಹೇಳ್ಬಾರದಿತ್ತಾ!" ಎಂದಳು. ಅವರಾದರೂ ಹೇಗೆ ಹೇಳಿಯಾರು? ಕೆಲವರಿಗೆ ರೈಲಿನ ಅವಸರ, ಕೆಲವರಿಗೆ ಇವಳ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. ಕೊನೆಗೆ ದನಿ ತಗ್ಗಿಸಿ, "ನಿಜ ಹೇಳ್ತೀನಿ ಮಗಳೇ, ನಾನೇ ಏನೂ ನೋಡಿಲ್ಲ" ಅಂದಳು.

ಹುಡುಗಿ ನಗಲಿಲ್ಲ. "ನಾಳೆ ನಾವಿಬ್ಬರೂ ಹೋಗೋಣವೇ?"

"ನಾಳೆ ನಂದು ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಬಟ್ಟೆ ಒಗೆಯೋದಿದೆ."

"ಬಟ್ಟೆಗಳು ಎಲ್ಲಿಗೂ ಹೋಗುವುದಿಲ್ಲ."

"ಆ ಎಲೇನೂ ಎಲ್ಲೂ ಹೋಗಲ್ಲ ಅಂದ್ಕೊಂಡಿದ್ದೆ. ನದಿ ದಾಟಿಬಿಟ್ಟಿದೆ, ನೋಡು."

ಮರುದಿನ ಇಬ್ಬರೂ ಟ್ರಾಮಿನಲ್ಲಿ ಸೇತುವೆ ದಾಟಿದರು. ನದಿ ಇಷ್ಟು ಅಗಲ ಇದೆಯೆಂದು ಟೋಕನ್ನಮ್ಮ ಅಂದುಕೊಂಡಿರಲಿಲ್ಲ. ಕಂಬಿ ಹಿಡಿದು ನೋಡುತ್ತಲೇ ನಿಂತಳು. ಆ ಗುಂಗಿನಲ್ಲಿ ಒಂದು ಸ್ಟಾಪ್ ಮೊದಲೇ ಇಳಿದು ದಾರಿ ತಪ್ಪಿದರು. ಊರಿಗೆಲ್ಲ ದಾರಿ ಹೇಳುವವಳು ಇನ್ನೊಬ್ಬರನ್ನು ದಾರಿ ಕೇಳುವುದು ಹೇಗೆ? ಹುಡುಗಿಯೇ ಪತ್ರಿಕೆ ಮಾರುವವನ ಬಳಿ ಹೋಗಿ, "ಮಾನ್ಯರೇ, ಗಾಜಿನ ಮನೆಗೆ ಹೋಗುವ ಮಾರ್ಗವನ್ನು ದಯಮಾಡಿ ತಿಳಿಸುವಿರಾ?" ಅಂದಳು.

ಅವನು ದಾರಿ ತೋರಿಸಿ, ಟೋಕನ್ನಮ್ಮನ ಕಡೆ ತಿರುಗಿ, "ನಿಮ್ಮ ದೇಶದಲ್ಲಿ ಎಲ್ಲರೂ ಹೀಗೇ ಮಾತಾಡ್ತೀರಾ?" ಎಂದು ಕೇಳಿದ.

"ಹೂಂ, ಎಲ್ಲರೂ" ಅಂದಳು ಟೋಕನ್ನಮ್ಮ.

ಗಾಜಿನ ಮನೆಯ ಒಳಗೆ ಬೆಚ್ಚಗಿನ ತೇವ. ಟೋಕನ್ನಮ್ಮನ ಕನ್ನಡಕಕ್ಕೆ ಮಂಜು ಕವಿಯಿತು. ಒರೆಸಿಕೊಂಡು ನೋಡಿದರೆ, ಕೊಳದಲ್ಲಿ ತೇಲುತ್ತಿದ್ದ ಎಲೆ ಒಂದು ಊಟದ ತಟ್ಟೆಯಷ್ಟಿತ್ತು.

"ಇಷ್ಟೇನಾ?"

ಮೊಣಕಾಲುದ್ದದ ಬೂಟು ಹಾಕಿ ನೀರಿನಲ್ಲಿ ನಿಂತಿದ್ದ ತೋಟದವಳು ತಲೆಯೆತ್ತಿದಳು. "ಹೊಸ ಎಲೆ. ಎರಡು ತಿಂಗಳು ಹೋಗ್ಲಿ, ಬಾಗಿಲಷ್ಟಾಗುತ್ತೆ."

"ಆಗ ಮಗು ಕೂರಿಸ್ಬಹುದಾ?"

"ಫೋಟೋ ತೆಗೆಯೋಕೆ ಒಂದ್ಸಲ ಕೂರಿಸಿದ್ರು. ಕೆಳಗೆ ಹಲಗೆ ಇಟ್ಟು."

ಟೋಕನ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಪ್ಪತ್ತಾರು ವರ್ಷ ಹಂಚಿದ ಎಲೆಯ ಕೆಳಗೆ ಹಲಗೆ! ಹುಡುಗಿ ಬಗ್ಗಿ ಅವಳ ಬಾಯೊಳಗೆ ಇಣುಕಿದಳು. "ಅಮ್ಮ, ಹಾಗೆಯೇ ಇರಿ. ಬಲಗಡೆ ಮೇಲಿನ ದವಡೆ ಹಲ್ಲು ಹುಳುಕಾಗಿದೆ. ವಿಳಂಬ ಮಾಡಬೇಡಿ."

ತೋಟದವಳಿಗೂ ನಗು ಬಂತು. ಎಲೆಯ ಅಂಚನ್ನು ಮೆಲ್ಲಗೆ ಎತ್ತಿ, "ಇಲ್ನೋಡಿ" ಎಂದು ಅಡಿಭಾಗ ತೋರಿಸಿದಳು. ಕೆಂಪು ಬಣ್ಣ, ದಪ್ಪ ನರಗಳು, ಮೈತುಂಬ ಮುಳ್ಳು. ಮೀನು ಬಾಯಿ ಹಾಕಬಾರದೆಂದು ಗಿಡ ಮಾಡಿಕೊಂಡ ಏರ್ಪಾಡಂತೆ. ಟೋಕನ್ನಮ್ಮ ಒಂದು ಮುಳ್ಳಿನ ತುದಿಯನ್ನು ಬೆರಳಿನಿಂದ ಮುಟ್ಟಿದಳು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಪಾಳಿಗೆ ಹೊತ್ತಾಗುವವರೆಗೂ ಇಬ್ಬರೂ ಕೊಳದ ಬದಿಯ ಬೆಂಚಿನ ಮೇಲೆ ಎಲೆ ನೋಡುತ್ತಾ ಕೂತರು.

ನಾಲ್ಕರ ರೈಲಿಗೆ ಹುಡುಗಿ ಹೊರಟಳು. ಚೀಲ ಹೊರಿಸುತ್ತಾ ಟೋಕನ್ನಮ್ಮ, "ತೆರಳುತ್ತೇನೆ ಅನ್ಬೇಡ, ಹೋಗ್ಬರ್ತೀನಿ ಅನ್ನು" ಎಂದು ಹೇಳಿಕೊಟ್ಟಳು. ಹುಡುಗಿ ಎರಡು ಸಲ ಬಾಯಿಪಾಠ ಮಾಡಿ, ಮೂರನೆಯ ಸಲ ಸರಿಯಾಗಿ ಅಂದಳು.

ಆಮೇಲೆ ಕಿಟಕಿಗೆ ಬಂದವರಿಗೆ ಟೋಕನ್ನಮ್ಮ ನೋಡಿದ್ದನ್ನು ನೋಡಿದ್ದೇನೆಂದೂ ಕೇಳಿದ್ದನ್ನು ಕೇಳಿದ್ದೇನೆಂದೂ ಬಿಡಿಸಿ ಹೇಳತೊಡಗಿದಳು. ಮುಂದಿನ ರಜೆಗೆ ಗಂಡನ ಅಂಗಡಿಯ ಬಾಗಿಲು ಹಾಕಿಸಿ, ತಾನು ಎಷ್ಟೋ ಜನರನ್ನು ಕಳಿಸಿದ್ದ ಹಳೆಯ ಗೋಪುರಕ್ಕೆ ಅವನನ್ನು ಎಳೆದುಕೊಂಡು ಹೋದಳು. ನಲವತ್ತನೇ ಮೆಟ್ಟಿಲಿಗೆ ಅವನು "ನನ್ನ ಕೈಲಾಗಲ್ಲ" ಎಂದು ಕೂತುಬಿಟ್ಟ. ಅವಳು ಒಬ್ಬಳೇ ತುದಿಗೆ ಹತ್ತಿ, ತಮ್ಮ ಮನೆ ಎಲ್ಲಿದೆಯೆಂದು ಹುಡುಕಿದಳು, ಗುರುತು ಹತ್ತಲಿಲ್ಲ.

ಇಳಿದಾಗ ಗಂಡ ಕೇಳಿದ, "ಏನಿತ್ತೇ ಮೇಲೆ?"

"ಹತ್ತಿ ನೋಡಿ" ಅಂದಳು.