ಬಚ್ಚಲ ಕಾಲುವೆಯ ಎರಡು ಬಾಯಿ

ಆ ಬೇಸಿಗೆಯಲ್ಲಿ ನಾನು ಒಂದು ಕಡೆ ಕೂತ ನೆನಪೇ ಇಲ್ಲ. ಮುದ್ದೆ ಮುರಿಯುತ್ತಾ ಕೂತರೂ ಜೀವವೆಲ್ಲ ಹಿತ್ತಲಲ್ಲಿ. ಎದ್ದು ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಅಲ್ಲಿದ್ದದ್ದು ಮೊಣಕಾಲುದ್ದದ ಒಂದು ದುಂಡುಮಲ್ಲಿಗೆ ಗಿಡ, ಅಷ್ಟೆ. ಅಮ್ಮ ತೀರಿಕೊಂಡ ಮೇಲೆ ತವರಿನ ಅಂಗಳಕ್ಕೆ ಅಣ್ಣ ಸಿಮೆಂಟು ಹಾಕಿಸಿದ. ಅವಳು ಬೆಳೆಸಿದ ಮಲ್ಲಿಗೆ ಪೊದೆಯಲ್ಲಿ ಉಳಿದದ್ದು ಬೇರು ಬಿಟ್ಟಿದ್ದ ಈ ಒಂದು ಕೊಂಬೆ. ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಹಂದನಕೆರೆ ಹತ್ತಿರದ ನನ್ನ ಗಂಡನ ಮನೆಗೆ ತಂದು ನೆಟ್ಟಿದ್ದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಳು ಬರುತ್ತಿತ್ತು, ಅವರೆದುರು ಅಳುವುದು ನನಗೆ ಬೇಕಿರಲಿಲ್ಲ.

ನಮ್ಮ ಮಾವನ ಕಣ್ಣಿಗೆ ತೆಂಗೊಂದೇ ಗಿಡ, ಉಳಿದದ್ದೆಲ್ಲ ಸೊಪ್ಪು. ಬಾವಿ ತಳ ಕಂಡಿತ್ತು. ಕರೆಂಟು ಬಂದಾಗ ಪಂಪು ಒಂದಿಷ್ಟು ಕೆಸರು ಕಾರಿ ಸುಮ್ಮನಾಗುತ್ತಿತ್ತು.

"ಹೂವಿನ್ ಗಿಡಕ್ಕೆ ಬಾವಿ ನೀರ್ ಮುಟ್ಟಂಗಿಲ್ಲ" ಎಂದು ಅವರಿಂದ ಅಪ್ಪಣೆಯಾಯಿತು.

ಇನ್ನುಳಿದದ್ದು ಬಚ್ಚಲ ನೀರು. ನಮ್ಮ ಕಡೆ ಅದನ್ನೂ ಸುಮ್ಮನೆ ಹರಿಯಬಿಡುವುದಿಲ್ಲ. ಮನೆ ಹಿಂದೆ ಅದನ್ನು ಕುಡಿದು ಕೊಬ್ಬಿದ ಒಂದು ತೆಂಗಿನ ಮರ ಇದ್ದೇ ಇರುತ್ತದೆ. ನಾನು ಗುದ್ದಲಿ ತೆಗೆದುಕೊಂಡು ಆ ಮರದ ಕಾಲುವೆಯನ್ನು ಒಡೆದೆ, ನೀರನ್ನು ಮಲ್ಲಿಗೆಗೆ ತಿರುಗಿಸಿದೆ. ಮಧ್ಯಾಹ್ನಕ್ಕೆ ಮಾವ ಮುಚ್ಚಿದರು. ಬೆಳಿಗ್ಗೆ ಮತ್ತೆ ಒಡೆದೆ. ಇಬ್ಬರೂ ಒಂದು ಮಾತೂ ಆಡದೆ ದಿನಾ ಇದನ್ನೇ ನಡೆಸಿದೆವು.

"ಮಾವ ಸೊಸೆ ಸೇರ್ಕಂಡು ಹಿತ್ತಲೆಲ್ಲ ಬಗೆದಾಕ್ಬಿಡಿ" ಎಂದು ಅತ್ತೆ ಗೊಣಗಿದರು.

ಪಡುವಣ ಬಿಸಿಲಿಗೆ ಅಡ್ಡವಾಗಿ ಗರಿ ಹೆಣೆದು ತಟ್ಟಿ ನಿಲ್ಲಿಸಿದೆ. ಕಾಯಿ ಸುಲಿದ ಮಟ್ಟೆಗಳನ್ನು ನೆನೆಸಿ ಗಿಡದ ಸುತ್ತ ಒತ್ತಿ ಒತ್ತಿ ಜೋಡಿಸಿದೆ. ನನ್ನ ಆತುರಕ್ಕೆ ಬೆಂಕಿ ಬೀಳ! ಕಾಂಡಕ್ಕೇ ಒತ್ತಿಟ್ಟ ಮಟ್ಟೆಯಿಂದ ಗೆದ್ದಲು ಹತ್ತಿತು. ಮಣ್ಣಿನ ಪೊರೆ ಕಾಂಡ ಏರುತ್ತಿತ್ತು. ಬರಿಗೈಯಲ್ಲಿ ಉಜ್ಜಿ ತೆಗೆದು, ಒಲೆಯ ಬೂದಿ ಸುರಿದು, ಮಟ್ಟೆಗಳನ್ನು ಗೇಣು ದೂರಕ್ಕೆ ಸರಿಸಿದೆ. ಉರಿಬಿಸಿಲಲ್ಲಿ ಚೊಂಬು ಹಿಡಿದು ಹೊರಟರೆ ಅತ್ತೆ ಕೈಯಿಂದ ಕಿತ್ತುಕೊಂಡರು.

"ಈ ಹೊತ್ನಲ್ಲಿ ಹುಯ್ದ್ರೆ ಬೇರು ಬೆಂದೋಯ್ತವೆ ಕಣೇ. ಸಂಜೆಗಂಟ ತಡ್ಕೊ."

ತಡೆದುಕೊಳ್ಳುವುದೊಂದೇ ನನಗೆ ಬಾರದ ಕೆಲಸ.

ಒಂದು ಸಂಜೆ ಬಚ್ಚಲ ಮರದ ಕೆಳಗೆ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಮರ ಹರಳು ಉದುರಿಸಿತ್ತು. ನಿಂಬೆಕಾಯಿ ಗಾತ್ರದ ಆ ಎಳೆಗಾಯಿಗಳನ್ನು ಟವೆಲ್ಲಿಗೆ ಹಾಕಿಕೊಳ್ಳುತ್ತಿದ್ದರು. ನನಗೆ ರೇಗಿತು.

"ತೋಟದ ತುಂಬ ಮರ ಇದಾವೆ ಮಾವ. ಇದೊಂದಕ್ಕೆ ಯಾಕಿಷ್ಟು ಸಂಕಟ?"

ಅವರು ತಲೆ ಎತ್ತಲಿಲ್ಲ. "ತೋಟದವೆಲ್ಲ ನಾನು ನೆಟ್ಟವು. ಇದು ನಮ್ಮವ್ವ ನೆಟ್ಟಿದ್ದು ಕಣವ್ವ. ನಾನು ಎಳೆಗೂಸಾಗಿದ್ದಾಗ ನಂಗೆ ಹುಯ್ದ ನೀರೂ ಇದ್ರ ಬುಡಕ್ಕೇ ಹರೀತಿತ್ತಂತೆ."

ಮಲ್ಲಿಗೆಯನ್ನು ತೋರಿಸಿ, "ಅದೂ ನಮ್ಮಮ್ಮಂದೇ" ಎಂದೆ. ಅದುಮಿಟ್ಟುಕೊಂಡಿದ್ದ ಅಳು ಅಲ್ಲೇ ಬಂದುಬಿಟ್ಟಿತು.

"ಮುಡಿಯಕ್ಕೆ ಹೂವು ಬೇಕು ಅಂತ ಆಡ್ತೀಯ ಅನ್ಕಂಡಿದ್ದೆ. ಮೊದ್ಲೇ ಹೇಳಬಾರ್ದಿತ್ತಾ?"

"ನೀವ್ ಹೇಳಿದ್ರಾ?"

ಮಾವ ಟವೆಲ್ಲು ಗಂಟು ಕಟ್ಟಿಕೊಂಡು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಕಾಲುವೆ ಒಡೆಯಲು ಗುದ್ದಲಿ ಹಿಡಿದು ಹೋದರೆ, ಆಗಲೇ ಒಡೆದಿತ್ತು. ಮರದ ಕಡೆಯದನ್ನು ಮುಚ್ಚಿಯೂ ಇರಲಿಲ್ಲ. ಕವಲಿನ ನಡುವೆ ಒಂದು ಮಟ್ಟೆಯನ್ನು ನೆಟ್ಟಗೆ ಊರಿದ್ದರು, ನೀರು ಎರಡಾಗಿ ಹೋಗಲೆಂದು. ಒಳಗೆ ಮಾವ ಸ್ನಾನ ಮಾಡುತ್ತಿದ್ದರು. ಯಾವತ್ತೂ ನಾಲ್ಕು ಚೊಂಬಿಗೆ ಮುಗಿಸಿ ಹೊರಬರುವ ಮನುಷ್ಯ, ಅವತ್ತು ಹುಯ್ದುಕೊಳ್ಳುತ್ತಲೇ ಇದ್ದರು.

"ಇದೇನ್ರೀ, ಮದುವೆ ಗಂಡಾ ನೀವು?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

ಗೋಡೆಯಾಚೆಯಿಂದ ಮಾವನ ದನಿ ಬಂತು. "ಮಲ್ಲಿಗೆ ಬುಡಕ್ಕೆ ಮುಟ್ತಾ ನೋಡಕ್ಕೇಳು ಅವಳಿಗೆ."

ಬೂದಿ ಮೆತ್ತಿದ ಬುಡ ಆಗಲೇ ಒದ್ದೆಯಾಗಿತ್ತು. ನಾನು ಆಚೆ ಕವಲನ್ನು ನೋಡಿದೆ. ನೀರು ಒಣ ಮಣ್ಣಿನಲ್ಲಿ ಇಂಗುತ್ತಾ ದಾರಿಯಲ್ಲೇ ನಿಂತಿತ್ತು.

"ಇದಕ್ಕೆ ಮುಟ್ತು ಮಾವ" ಎಂದು ಕೂಗಿದೆ. "ನಿಮ್ಮವ್ವನ ಮರಕ್ಕೆ ಇನ್ನೂ ಮುಟ್ಟಿಲ್ಲ. ಹುಯ್ಕೊಳ್ಳಿ."