ಆಚೆ ಕೋಣೆಯಲ್ಲಿ ಅಪ್ಪ

ಮನಶ್ಶಾಸ್ತ್ರದ ಎಂ.ಎ.ಗೆ ಮಗಳಿಗೆ ಸೀಟು ಸಿಕ್ಕಾಗಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು: "ನೋಡೋಣ." ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಮನುಷ್ಯ ಈ ಒಂದು ಸಂಗತಿಯನ್ನು ಮಾತ್ರ ಮಡಚಿಯೂ ಇಡಲಿಲ್ಲ, ಬಿಡಿಸಿಯೂ ಹೇಳಲಿಲ್ಲ. ಹೊಸಬರು ಬಂದು ವಿಭಾಗ ನೋಡಬಹುದೆಂದು ಕರೆ ಬಂದಾಗ ಅಪ್ಪ ತಾನೂ ಹೊರಟ. ಸೇರುವುದೋ ಬಿಡುವುದೋ, ಅದೇ ಸಂಜೆಯೊಳಗೆ ಅವಳು ಹೇಳಬೇಕಿತ್ತು. ಅಪ್ಪ ಹೂಂ ಅನ್ನದೆ ಹೇಳುವಷ್ಟು ಗಟ್ಟಿ ಎದೆ ಅವಳದಲ್ಲ.

ವಿಭಾಗದ ಕಾರಿಡಾರಿನ ಅರೆಬೆಳಕಿನಲ್ಲಿ ನಡೆದರೆ ನೀರೊಳಗೆ ನಡೆದಂತಿತ್ತು. ಬಾಗಿಲುಗಳು ತಾವೇ ತೇಲಿ ಬರುತ್ತಿದ್ದವು. ಒಂದು ಕೋಣೆಯಲ್ಲಿ ನಿದ್ದೆಯನ್ನು ಅಧ್ಯಯನ ಮಾಡಲು ಹಾಸಿದ ಮಂಚ. ಅಪ್ಪ ಮುದುಡಿದ ಹೊದಿಕೆ ಮುಟ್ಟಿ, "ಇದರ ಮೇಲೆ ಮಲಗಿದವನ ಕನಸಲ್ಲೂ ಸುಕ್ಕು ಬಿದ್ದಾವು," ಎಂದ. ವಿಭಾಗ ತೋರಿಸುತ್ತಿದ್ದ ಸೀನಿಯರ್ ಹುಡುಗಿ ನಕ್ಕಳು.

ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಗೋಡೆಯಗಲದ ಕನ್ನಡಿ. "ನನ್ನ ಕಾಲು ಬಿದ್ದುಹೋದವು, ನೀವು ಸುತ್ತಿ ಬನ್ನಿ," ಎಂದು ಅಪ್ಪ ಅಲ್ಲೇ ಕುಳಿತುಬಿಟ್ಟ.

ಸೀನಿಯರ್ ಅವಳನ್ನು ಪಕ್ಕದ ಕತ್ತಲೆ ಕೋಣೆಗೆ ಕರೆದೊಯ್ದಳು. ಅಲ್ಲಿಂದ ಆ ಕನ್ನಡಿ ಬರೀ ಗಾಜು. "ಕೌನ್ಸೆಲಿಂಗ್ ಕಲಿಯೋರು ಇಲ್ಲಿಂದ ನೋಡ್ತೀವಿ. ಆಚೆಯವರಿಗೆ ನಾವು ಕಾಣಲ್ಲ. ಮೊದಲೇ ಅವರ ಒಪ್ಪಿಗೆ ತಗೊಂಡಿರ್ತೀವಿ."

ಗಾಜಿನಾಚೆ, ಬೆಳಕಲ್ಲಿ ಅದ್ದಿ ತೆಗೆದಂತೆ, ಅಪ್ಪ. ಎದ್ದು ಬಂದು ಅಂಗಿಯನ್ನು ಅಂಗೈಯಿಂದ ಸವರಿಕೊಂಡ. ಕನ್ನಡಿಗೆ ಏನೋ ಹೇಳಿದ. ಸರಿಬರಲಿಲ್ಲವೆಂಬಂತೆ ತಲೆಯಾಡಿಸಿದ. ನಗು ತಂದುಕೊಂಡ, ಅದು ಅರ್ಧಕ್ಕೇ ಜಾರಿತು. ಮುಖ ಒರೆಸಿಕೊಂಡು ಮತ್ತೆ ಮೊದಲಿಂದ ಶುರು. ಗೇಣು ದೂರದಲ್ಲಿ, ನೇರ ಅವಳ ಕಣ್ಣಿಗೇ ಹೇಳುತ್ತಿದ್ದ.

"ಮೈಕ್ ಹಾಕ್ಲಾ? ಕೇಳಿಸುತ್ತೆ," ಸೀನಿಯರ್ ಗೋಡೆಯ ಗುಂಡಿಯೊಂದರ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು.

ಒಂದು ತಿಂಗಳಿಂದ ಕಾದ ಉತ್ತರ ಆ ಗುಂಡಿಯ ಕೆಳಗಿತ್ತು.

"ಬೇಡ ಅಕ್ಕ. ಅವರನ್ನ ಕೇಳಿಲ್ವಲ್ಲ," ಎಂದು ಅಪ್ಪನಿದ್ದ ಕೋಣೆಗೆ ಓಡಿಬಂದಳು.

"ಅಪ್ಪ, ಈ ಕನ್ನಡಿಯ ಆಚೆಯಿಂದ ಎಲ್ಲ ಕಾಣುತ್ತೆ. ನಾನು ನೋಡಿಬಿಟ್ಟೆ. ಮೈಕೂ ಇತ್ತು, ಆದ್ರೆ ಮಾತು ಮಾತ್ರ ಕೇಳಿಸ್ಕೊಳ್ಳಲಿಲ್ಲ."

ಅಪ್ಪನ ಕಿವಿ ಕೆಂಪೇರಿತು. "ಥೂ, ಮಾನ ಕಳೆಯೋ ಕೋಣೆ! ಮೂಗಿಗೆ ಬೆರಳು ಹಾಕಿದ್ದೂ ಕಂಡಿತಾ?"

"ಅದು ನಾನು ಬರೋಕೆ ಮುಂಚೆ ಆಗಿರಬೇಕು."

ಅಪ್ಪ ಕನ್ನಡಿಯತ್ತ ತಿರುಗಿ ನೋಡಿದ. "ಹಾಗಾದ್ರೆ ನೀನಿಲ್ಲಿ ಕೂರು. ನಾನು ಆ ಕಡೆ ಹೋಗ್ತೀನಿ. ಮೈಕ್ ಹಾಕಿಸ್ತೀನಿ, ಆಯ್ತಾ? ಎದುರಾಬದುರು ಕೂತ್ರೆ ಇಬ್ಬರಿಗೂ ಬಾಯಿ ಬರಲ್ಲ."

ಅವಳು ಹೂಂ ಅಂದಳು. ಬಾಗಿಲು ಮುಚ್ಚಿತು. ಕನ್ನಡಿಯಲ್ಲಿ ತನ್ನದೇ ಮುಖ, ಯಾರದೋ ಎಂಬಂತೆ.

"ನನಗೆ ಇಲ್ಲಿಗೆ ಬರಬೇಕು ಅಂತಿದೆ ಅಪ್ಪ. ತುಂಬಾ. ಭಯಾನೂ ಇದೆ. ಇಲ್ಲಿಯವರ ಮಾತು ಅರ್ಧ ತಲೆಗೆ ಹೋಗಲ್ಲ. ಓದಿ ಬೇರೆ ಥರ ಆಗ್ತೀನೋ, ನಿನಗೆ ನನ್ನ ಜೊತೆ ಮಾತಾಡೋಕೇ ಸಂಕೋಚ ಆಗುತ್ತೋ ಅಂತ. ಆದ್ರೂ ಬರಬೇಕು."

ಆಚೆ ದೀಪ ಹೊತ್ತಿತು. ಕನ್ನಡಿ ಕರಗಿತು; ಅವಳ ಮುಖ ತೆಳುವಾಗಿ, ಅದರೊಳಗಿಂದ ಅಪ್ಪನ ಮುಖ ಮೂಡಿತು. ಅಪ್ಪ ಮಾತಾಡುತ್ತಲೇ ಇದ್ದ, ಕೈಬೀಸಿ, ಕಣ್ಣೊರೆಸಿ. ಒಂದಕ್ಷರವೂ ಕೇಳಿಸಲಿಲ್ಲ. ಹಿಂದಿನಿಂದ ಸೀನಿಯರ್ ಹುಡುಗಿ ಬಾಗಿ, ಆ ಕಡೆಯ ಮಾತು ಈಚೆಗೆ ಕೇಳಿಸುವ ಇನ್ನೊಂದು ಗುಂಡಿ ಒತ್ತಿದಳು.

"...ಅಷ್ಟೇ ಮಗಳೇ, ಸೇರ್ಕೋ," ಸೂರಿನ ಸ್ಪೀಕರಿನಿಂದ ಅಪ್ಪನ ದನಿ ಇಳಿಯಿತು. "ಅಯ್ಯೋ, ಇಷ್ಟೊತ್ತು ಹೇಳಿದ್ದು ಕೇಳಿಸಲೇ ಇಲ್ವಾ?"

"ಕೊನೇದು ಕೇಳಿಸ್ತು," ಎಂದಳು ಅವಳು.