ಅರಳಿಮರದಿಂದ ಆರುನೂರ ನಲವತ್ತು ಹೆಜ್ಜೆ

ಅದು 2002ನೇ ಇಸವಿ. ಬೇಲೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ನೋಡಿ ನೋಡಿಯೇ ಕನ್ನಡ ಟೈಪಿಂಗ್ ಕಲಿತಿದ್ದ ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು. ನಮ್ಮ ಕಡೆಯ ಗುಡ್ಡಗಳನ್ನು ಹತ್ತುವ ದಾರಿ ತಿಳಿಸುವ ಒಂದು ಪುಸ್ತಕ. ಬರೆದವರು ಅರಸೀಕೆರೆಯ ಡ್ರಾಯಿಂಗ್ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಒಂದು ಬಳಗ ಕಟ್ಟಿಕೊಂಡು, ತಿಂಗಳಿಗೊಂದು ಭಾನುವಾರ ಆ ಪುಸ್ತಕ ಹಿಡಿದೇ ಗುಡ್ಡ ಹತ್ತುತ್ತಿದ್ದರು. ಪ್ರತಿಗಳು ಮುಗಿದಿದ್ದರಿಂದ ಮತ್ತೆ ಅಚ್ಚು ಹಾಕಿಸಲು ಹೊರಟಿದ್ದರು. ನಾನು ಟೈಪ್ ಮಾಡಿಕೊಡ್ತೀನಿ ಎಂದು ನಾನೇ ಮುಂದೆ ಬಿದ್ದೆ.

ಮೇಷ್ಟ್ರು ದೂರವನ್ನೆಲ್ಲ ಹೆಜ್ಜೆಯಲ್ಲೇ ಬರೆದಿದ್ದರು. ಬಸ್ತಿಹಳ್ಳಿ ಹಿಂದಿನ ಗುಡ್ಡದಲ್ಲಿ ಅರಳಿಮರದಿಂದ ಸೀಳುಬಂಡೆಗೆ ಆರುನೂರ ನಲವತ್ತು ಹೆಜ್ಜೆ ಎಂದಿತ್ತು. ಹೋಗಿ ಎಣಿಸಿದೆ. ನಾನೂರ ಮೂವತ್ತಕ್ಕೇ ಬಂಡೆ ಸಿಕ್ಕಿತು. ಬೇರೆ ಗುಡ್ಡಗಳಲ್ಲೂ ಹಾಗೇ. ಮೇಷ್ಟ್ರು ತಪ್ಪು ಎಣಿಸಿದ್ದಾರೆ ಅಂದುಕೊಂಡು, ರಜೆ ಸಿಕ್ಕಾಗಲೆಲ್ಲ ಒಬ್ಬಳೇ ತಿರುಗಿ ಹೆಜ್ಜೆಗಳನ್ನೆಲ್ಲ ತಿದ್ದಿಬಿಟ್ಟೆ. ಬಳಗದವರು ಬೆರಗಾಗಲಿ ಅಂತ ಯಾರಿಗೂ ಹೇಳಲಿಲ್ಲ.

ಪ್ರೆಸ್ಸಿಗೆ ಕೊಡುವ ಹಿಂದಿನ ದಿನ, ಬಳಗದ ಹಿರಿಯರಾದ ತೆಂಗಿನಕಾಯಿ ವ್ಯಾಪಾರಿ ಶಿವಣ್ಣನವರ ಜೊತೆ ಪ್ರೂಫ್ ತೋರಿಸಲು ಮೇಷ್ಟ್ರ ಹೆಂಡತಿ ಸರೋಜಮ್ಮನವರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನೇರ ಬಸ್ತಿಹಳ್ಳಿ ಪುಟ ಹುಡುಕಿದರು. ಬೆರಳು ಅಲ್ಲೇ ನಿಂತಿತು.

"ನಾನೂರ ಮೂವತ್ತಾ? ಇದ್ಯಾರವ್ವ ಹಾಕಿದ್ದು?"

"ನಾನೇ ಅಮ್ಮ. ಮೇಷ್ಟ್ರು ಜಾಸ್ತಿ ಬರೆದಿದ್ರು, ಸರಿ ಮಾಡ್ದೆ."

"ಎಣಿಸಿದ್ದು ಅವ್ರೇ ಕಣವ್ವ. ಹೆಜ್ಜೆ ನಂದು."

ಸೀರೆ ಅಂಚು ಸ್ವಲ್ಪ ಸರಿಸಿ, ಚಿಕ್ಕಂದಿನಲ್ಲೇ ಸೊಟ್ಟಗಾಗಿದ್ದ ಎಡಗಾಲು ತೋರಿಸಿದರು. "ಈ ಕಾಲಲ್ಲಿ ಹತ್ತಬೌದು ಅಂದ್ರೆ ಯಾರ್ ಬೇಕಾದ್ರೂ ಹತ್ತಬೌದು ಅನ್ನೋರು. ನಾನು ಮುಂದೆ, ಅವ್ರು ಎಣಿಸ್ಕೊಂಡು ಹಿಂದೆ. ಏನ್ರೀ, ಎಮ್ಮೆ ಹೊಡ್ಕೊಂಡು ಬಂದಂಗೆ ಬತ್ತೀರಲ್ಲ ಅಂತ ಬೈತಿದ್ದೆ."

ಶಿವಣ್ಣನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮೇಷ್ಟ್ರು ಕುಳ್ಳಕ್ಕಿದ್ರು, ಅದ್ಕೇ ಜಾಸ್ತಿ ಬಂದೈತೆ ಅಂತ ನಾವು ತಮಾಷೆ ಮಾಡ್ತಿದ್ವಲ್ಲಮ್ಮ."

ನನಗೆ ತಲೆ ಎತ್ತಲಾಗಲಿಲ್ಲ. ಸರೋಜಮ್ಮ ಬೈಯಲಿಲ್ಲ. "ನಿನ್ ಕಾಲಿಗೆ ನಿಂದೇ ಸರಿ. ಯಾವ್ದು ಹಾಕ್ತೀರೋ ನಿಮ್ಮಿಷ್ಟ" ಅಂದರು. ಆದರೆ ಆ ಪುಟವನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ವಾಪಸ್ ಬಂದವಳೇ ಹಳೆಯ ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಹೆಜ್ಜೆಯನ್ನು ಇದ್ದಂತೆಯೇ ಹಾಕಿದೆ. ಪ್ರೆಸ್ಸಿಗೆ ಎರಡು ದಿನ ತಡವಾಯಿತು.

ಪುಸ್ತಕ ಬಂದ ಭಾನುವಾರ ಬಸ್ತಿಹಳ್ಳಿಗೆ ಸರೋಜಮ್ಮನವರೂ ಆಟೋದಲ್ಲಿ ಬಂದರು. ಅರಳಿಮರದ ಹತ್ತಿರ ನನ್ನನ್ನೇ ಕರೆದು, "ಬಾ, ಹಿಂದೆ ಎಣಿಸ್ಕೊಂಡು ಬಾ" ಅಂದರು. ನಾನು ಎಷ್ಟು ನಿಧಾನ ನಡೆದರೂ ಅವರ ಹಿಮ್ಮಡಿಗೆ ಕಾಲು ತಗುಲುತ್ತಿತ್ತು. ಆರುನೂರ ನಲವತ್ತು ಅಂದೆ. ಸೀಳುಬಂಡೆ ಇನ್ನೂ ಮೇಲಿತ್ತು.

ಅವರು ಉಸಿರು ತಗೊಂಡು ತಿರುಗಿ ನೋಡಿದರು. "ಈಗ್ ಇನ್ನೂ ಸಣ್ಣಾಗವೆ ಹೆಜ್ಜೆ. ಇದ್ನೂ ತಿದ್ದೀಯ ಮತ್ತೆ?"

ನಕ್ಕೆ, ಕಣ್ಣು ತುಂಬಿತ್ತು. ಈಗಲೂ ಯಾರಾದರೂ ಪುಸ್ತಕದ ಲೆಕ್ಕ ತಪ್ಪಿದೆ ಅಂದರೆ, ಸ್ವಲ್ಪ ನಿಧಾನ ನಡೀರಿ ಅನ್ನುತ್ತೇನೆ.